ಲೇನಾ ನದಿ

ಹೊಳೆಯು ಉಕ್ಕುವುದು ಮಳೆಯಿಂದಲೇ ಎಂದು ನಾವೆಲ್ಲರೂ ಎಣಿಸಿರುವೆವು. ಆದರೆ ವಸಂತದ ಬಿಸಿಲೇ ಮಹಾಪ್ರವಾಹಕ್ಕೆ ಕಾರಣವಾಗುವ ನದಿಯೊಂದು ಸೈಬೀರಿಯಾದಲ್ಲುಂಟು. ಅದರ ಹೆಸರು ಲೇನಾ. ಈ ತಿಂಗಳು ಅದರ ವೃತ್ತಾಂತವನ್ನು ವಾಚಕರ ಮುಂದಿಡುವೆವು.

ಬೈಕಲ್ ಸರೋವರದ ಪಶ್ಚಿಮಕ್ಕಿರುವ ಪರ್ವತಗಳಲ್ಲಿ, ಸರೋವರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಈ ನದಿಯು ಹುಟ್ಟುವುದು. ಆದರೂ ಸರೋವರವನ್ನು ಸೇರದೆ ಬೇರೆ ದಾರಿ ಹಿಡಿದು, ವಿತಿಮ್, ಅಲ್ದಾನ್, ವಿಲ್ಯೂಯ್ ಮೊದಲಾದ ಉಪನದಿಗಳನ್ನು ಕೂಡಿಕೊಂಡು, ಸುಮಾರು 2,700 ಮೈಲಿ ಹರಿದು, ಆರ್ಕ್ಟಿಕ್ ಮಹಾಸಾಗರದ ಭಾಗವಾದ ಲಾಪ್ಟೆವ್ ಸಮುದ್ರಕ್ಕೆ ಬೀಳುವುದು. ಅಲ್ಲಿ ಅನೇಕ ಕವಲುಗಳಾಗಿ ಒಡೆದು ವಿಶಾಲವಾದ ಮುಖಜಭೂಮಿಯನ್ನು ನಿರ್ಮಿಸಿರುವುದು.

ಇದರ ದಡದ ಮುಖ್ಯ ಪಟ್ಟಣವು ಯಾಕುತ್ಸ್ಕ್. 1632ರಲ್ಲಿ ರಷ್ಯನರು ಕಟ್ಟಿದ ಕೋಟೆಯಿಂದ ಬೆಳೆದುದು. ಅಲ್ಲಿಯ ನೆಲವು ಬೇಸಗೆಯಲ್ಲಿಯೂ ಮೇಲಿನ ಕೆಲವು ಅಡಿಗಳ ಹೊರತು ಕರಗದು. ಷೆರ್ಗಿನ್ ಎಂಬಾತನು ನೀರಿಗಾಗಿ 1828ರಿಂದ 1837ರ ವರೆಗೆ ಬಾವಿ ತೋಡಿಸಿದನು. ಸುಮಾರು 380 ಅಡಿ ಇಳಿದರೂ ಹೆಪ್ಪುಗಟ್ಟಿದ ಮಣ್ಣೇ ಹೊರತು ನೀರು ಕಾಣಲಿಲ್ಲ. ಆದರೆ ಅವನ ಶ್ರಮವು ವ್ಯರ್ಥವಾಗಲಿಲ್ಲ. ಭೂಮಿಯೊಳಗಣ ಶೈತ್ಯವನ್ನು ಅಳೆಯಲು ಆ ಬಾವಿಯೇ ಮುಂದೆ ವಿಜ್ಞಾನಿಗಳಿಗೆ ಒದಗಿತು. ಒಳಗಿನ ಬಿಸಿಯಿಂದ ನೆಲ ಕರಗಿ ಮನೆಯು ಕುಸಿಯಬಾರದೆಂದು ಅಲ್ಲಿ ದೊಡ್ಡ ಕಟ್ಟಡಗಳನ್ನು ಕಂಬಗಳ ಮೇಲೆ ನಿಲ್ಲಿಸುವರು.

ಇನ್ನು ಪ್ರವಾಹದ ಮಾತು. ಈ ನದಿಯು ಹರಿಯುವುದು ದಕ್ಷಿಣದಿಂದ ಉತ್ತರಕ್ಕಷ್ಟೆ. ಆದುದರಿಂದ ವಸಂತದಲ್ಲಿ ಮೇಲ್ಭಾಗದ ಮಂಜುಗಡ್ಡೆಯು ಮೊದಲು ಕರಗುವುದು; ಕೆಳಭಾಗದ್ದು ಇನ್ನೂ ಕಲ್ಲಿನಂತಿರುವುದು. ಒಡೆದು ತೇಲಿಬಂದ ಗಡ್ಡೆಗಳು ಅಲ್ಲಿ ತಡೆದು, ಒಂದರ ಮೇಲೊಂದು ಏರಿ, ಅಣೆಕಟ್ಟಿನಂತಾಗುವುವು. ಹಿಂದೆ ನಿಂತ ನೀರು ಊರುಗಳಿಗೆ ನುಗ್ಗುವುದು. 2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣದ ಬಹುಭಾಗವು ಹೀಗೆಯೇ ಮುಳುಗಿತು. ವಿಮಾನಗಳಿಂದ ಬಾಂಬುಗಳನ್ನು ಹಾಕಿ ಗಡ್ಡೆಯನ್ನು ಒಡೆಯಲು ಯತ್ನಿಸಿದರು. ಸಾವಿರಾರು ಮಂದಿ ಮನೆಮಠಗಳನ್ನು ಕಳೆದುಕೊಂಡರು.

ಇಷ್ಟಾದರೂ ಆ ಜನರಿಗೆ ಮಂಜುಗಡ್ಡೆಯು ಬರಿಯ ಶತ್ರುವಲ್ಲ. ಚಳಿಗಾಲದಲ್ಲಿ ನದಿಯು ಹೆಪ್ಪುಗಟ್ಟಿದರೆ ಅದೇ ರಾಜಮಾರ್ಗ; ಲಾರಿಗಳು ಸರಕು ಹೊತ್ತು ಅದರ ಮೇಲೆಯೇ ಓಡುವುವು. ಬೇಸಗೆಯಲ್ಲಿ ದೋಣಿ, ಹಡಗುಗಳುಂಟು. ಗಡ್ಡೆ ಕಟ್ಟುವ ಮತ್ತು ಒಡೆಯುವ ಕಾಲಗಳಲ್ಲಿ ಮಾತ್ರ ಲಾರಿಯೂ ಸಾಗದು, ದೋಣಿಯೂ ಸಾಗದು. ದೀರ್ಘವಾದ ಚಳಿಯನ್ನು ಕಳೆದ ಗೃಹಸ್ಥರಿಗೆ ಬಿಸಿಲು ಪ್ರಿಯವಾಗಿರುವುದು ಸಹಜ. ಲೇನಾ ತೀರದಲ್ಲಿ ಆ ಪ್ರಿಯವಾದ ಬಿಸಿಲೇ ಸಾಮಾನುಗಳನ್ನು ಎತ್ತರಕ್ಕೆ ಸೇರಿಸಿಕೊಳ್ಳಿರೆಂದು ಎಚ್ಚರಿಸುವುದು.