ಮ್ಯಾಕ್ರೋ ಮುಟ್ಬೇಡ ಅನ್ನೋರಿಗೆ ಒಂದು ಉತ್ತರ

1/6

"ಆ ಮ್ಯಾಕ್ರೋನ ಯಾಕೆ ಓಪನ್ ಮಾಡ್ತೀಯಾ? ಕೆಲಸ ಮಾಡ್ತಿದೆ ತಾನೇ, ಬಿಡು."

ಮೇನ್‌ಫ್ರೇಮ್ ಪ್ರಾಜೆಕ್ಟ್ ಸೇರಿದ ನಮ್ಮಲ್ಲಿ ಬಹಳ ಜನರ ಕಿವಿಗೆ ಈ ಮಾತು ಬಿದ್ದಿರುತ್ತೆ. ಹೇಳೋರು ಕೆಟ್ಟವರಲ್ಲ. ಹಳೇ ಕೋಡ್, ಬರೆದವರು ರಿಟೈರ್ ಆಗಿದ್ದಾರೆ, ಏನಾದ್ರೂ ಕೆಟ್ರೆ ರಾತ್ರಿ ಫೋನ್ ಬರೋದು ಅವರಿಗೇ. ಆದ್ರೂ ಈ ಬುದ್ಧಿಮಾತನ್ನ ನಾನು ಒಪ್ಪಲ್ಲ. ಮ್ಯಾಕ್ರೋ ಓದೋಕೆ ಬರದೇ ಇದ್ರೆ ಅಸೆಂಬ್ಲರ್ ಕೋಡ್‌ಗೆ ನಾವು ಬರೀ ಕಾವಲುಗಾರರು. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಬಾಗಿಲು ಕಾಯ್ತಾ ಕೂತಿರ್ತೀವಿ.

"ನಾನು ಕೋಬಾಲ್, ನನಗೇನು ಇದರಿಂದ?" ಅಂತ ಮುಂದಿನ ಪೋಸ್ಟ್‌ಗೆ ಹೋಗೋ ಮುಂಚೆ ಒಂದು ಪ್ರಶ್ನೆ. ಸಿಐಸಿಎಸ್ ಸ್ಕ್ರೀನ್‌ಗೆ ಬಿಎಮ್‌ಎಸ್ ಮ್ಯಾಪ್ ಬರೆದಿದೀರಾ? 72ನೇ ಕಾಲಮ್‌ನಲ್ಲಿ ಗುರುತು ಹಾಕೋದು ಮರೆತು ಒದ್ದಾಡಿದೀರಾ? ಹಾಗಿದ್ರೆ ನೀವು ಆಗಲೇ ಅಸೆಂಬ್ಲರ್ ಮ್ಯಾಕ್ರೋ ಬಳಸಿದೀರಾ. ಡಿಎಫ್‌ಎಚ್‌ಎಮ್‌ಎಸ್‌ಡಿ, ಡಿಎಫ್‌ಎಚ್‌ಎಮ್‌ಡಿಐ, ಡಿಎಫ್‌ಎಚ್‌ಎಮ್‌ಡಿಎಫ್ ಮೂರೂ ಮ್ಯಾಕ್ರೋಗಳೇ. ಒಂದೇ ಮ್ಯಾಪ್ ಸೋರ್ಸ್ ಎರಡು ಸಲ ಅಸೆಂಬಲ್ ಆಗುತ್ತೆ. ಟೈಪ್ 'ಮ್ಯಾಪ್' ಅಂತ ಕೊಟ್ರೆ ಸ್ಕ್ರೀನ್‌ನ ಫಿಸಿಕಲ್ ಮ್ಯಾಪ್ ಬರುತ್ತೆ, 'ಡಿಸೆಕ್ಟ್' ಅಂತ ಕೊಟ್ರೆ ನಿಮ್ಮ ಕೋಬಾಲ್ ಪ್ರೋಗ್ರಾಮ್‌ಗೆ ಬೇಕಾದ ಕಾಪಿಬುಕ್ ಬರುತ್ತೆ. ಸೋರ್ಸ್ ಒಂದೇ, ಫಲ ಎರಡು. ಇದಕ್ಕೇ ಕಂಡೀಷನಲ್ ಅಸೆಂಬ್ಲಿ ಅನ್ನೋದು.

2/6

ಎಲ್ಲರೂ ಎಡವೋ ಜಾಗ ಇದು, ನಿಧಾನವಾಗಿ ಓದಿ.

ಮದುವೆ ಮನೆ ಊಟ ನೆನಪಿಸ್ಕೊಳ್ಳಿ. ಹುಳಿಗೆ ಈರುಳ್ಳಿ ಹಾಕಬೇಕಾ ಬೇಡವಾ ಅನ್ನೋದು ಬೆಳಗ್ಗೆನೇ ಅಡುಗೆಮನೆಯಲ್ಲಿ ತೀರ್ಮಾನ ಆಗಿರುತ್ತೆ. ಪಂಕ್ತಿಯಲ್ಲಿ ಬಡಿಸೋರು ಕೇಳೋದು ಬೇರೆ ಪ್ರಶ್ನೆ: "ಇನ್ನೊಂದು ಸೌಟು ಹಾಕ್ಲಾ?" ಎಲೆ ಮುಂದೆ ಕೂತು "ಈರುಳ್ಳಿ ತೆಗೆದುಬಿಡಿ" ಅಂದ್ರೆ ಆಗುತ್ತಾ?

ಎಐಎಫ್, ಎಜಿಒ ಅಡುಗೆಮನೆ ಪ್ರಶ್ನೆಗಳು. ಪ್ರೋಗ್ರಾಮ್ ಓಡೋಕೂ ಮುಂಚೆ, ಅಸೆಂಬ್ಲರ್ ಸೋರ್ಸ್ ಓದೋವಾಗಲೇ ಉತ್ತರ ಸಿಕ್ಕಿ ಮುಗಿದಿರುತ್ತೆ. ಕಂಪೇರ್, ಬ್ರ್ಯಾಂಚ್ ಇನ್‌ಸ್ಟ್ರಕ್ಷನ್‌ಗಳು ಪಂಕ್ತಿ ಪ್ರಶ್ನೆಗಳು, ಪ್ರತಿ ಸಲ ಪ್ರೋಗ್ರಾಮ್ ಓಡುವಾಗಲೂ ಹೊಸದಾಗಿ ಕೇಳ್ತವೆ. ಹಾಗಾಗಿ ಎಐಎಫ್ ಹಾಕಿ "ಈ ಗ್ರಾಹಕರ ಬ್ಯಾಲೆನ್ಸ್ ಸೊನ್ನೆನಾ?" ಅಂತ ಕೇಳೋಕಾಗಲ್ಲ, ಆ ಹೊತ್ತಿಗೆ ಗ್ರಾಹಕರೇ ಬಂದಿರಲ್ಲ! ಕೇಳಬಹುದಾದ್ದು ಇಷ್ಟು: ಈ ಫೀಲ್ಡ್ ಎಷ್ಟು ಉದ್ದ, ಯಾವ ಟೈಪ್, ಈ ಆಪರೆಂಡ್ ಕೊಟ್ಟಿದಾರಾ ಬಿಟ್ಟಿದಾರಾ. ಕೇಳೋಕೆ ಚಿಕ್ಕ ಪಟ್ಟಿ, ಆದ್ರೆ ಇಷ್ಟರಲ್ಲೇ ಬಹಳ ಕೆಲಸ ಆಗುತ್ತೆ.

3/6

ಒಂದು ಉದಾಹರಣೆ. ಒಂದು ರೆಕಾರ್ಡ್‌ನಲ್ಲಿ ರಿಮಾರ್ಕ್ಸ್ ಫೀಲ್ಡ್ 200 ಬೈಟ್ ಇದೆ ಅನ್ಕೊಳ್ಳಿ. ಅದನ್ನ ಇಪ್ಪತ್ತು ಪ್ರೋಗ್ರಾಮ್‌ಗಳು ಎಮ್‌ವಿಸಿ ಹಾಕಿ ಕಾಪಿ ಮಾಡ್ತವೆ. ಪ್ರತಿಯೊಂದರಲ್ಲೂ ಯಾರೋ ಕೈಯಾರೆ 200 ಅಂತ ಬರೆದಿದ್ದಾರೆ. ಈಗ ಫೀಲ್ಡ್ 600 ಬೈಟ್ ಆಯ್ತು. ಹತ್ತೊಂಬತ್ತು ಕಡೆ ಬದಲಾಯಿಸಿದ್ರಿ, ಒಂದು ಕಡೆ ಬಿಟ್ಟುಹೋಯ್ತು. ಅಸೆಂಬ್ಲರ್ ತಕರಾರು ಮಾಡುತ್ತಾ? ಇಲ್ಲ. 200 ಕೇಳಿದ್ರಿ, 200 ಕೊಡ್ತು. ಕೊನೆಯ 400 ಬೈಟ್ ಸದ್ದಿಲ್ಲದೆ ಹೋಯ್ತು. ಅಬೆಂಡ್ ಇಲ್ಲ, ಮೆಸೇಜ್ ಇಲ್ಲ. ತಿಂಗಳುಗಳ ನಂತರ ಯಾರೋ "ನಾನು ಬರೆದ ವಿವರ ಎಲ್ಲಿ?" ಅಂತ ಕೇಳಿದಾಗಲೇ ಗೊತ್ತಾಗೋದು.

ಇದೇ ಕೆಲಸ ಮ್ಯಾಕ್ರೋಗೆ ಕೊಡಿ. ಅದು ಫೀಲ್ಡ್‌ನ ಉದ್ದವನ್ನ ಲೆಂಗ್ತ್ ಆಟ್ರಿಬ್ಯೂಟ್‌ನಿಂದ ತಾನೇ ಓದ್ಕೊಳ್ಳುತ್ತೆ. ಒಂದು ಎಮ್‌ವಿಸಿ 256 ಬೈಟ್‌ವರೆಗೆ ಮಾತ್ರ ಸಾಗಿಸಬಲ್ಲದು. ಉದ್ದ ಅಷ್ಟರೊಳಗಿದ್ರೆ ಒಂದೇ ಎಮ್‌ವಿಸಿ ಬರೆಯುತ್ತೆ. ಜಾಸ್ತಿ ಇದ್ರೆ ಒಂದು ಸೆಟ್‌ಎ ವೇರಿಯಬಲ್‌ನಲ್ಲಿ ಉಳಿದ ಉದ್ದ ಲೆಕ್ಕ ಇಟ್ಕೊಂಡು, 256ರಂತೆ ಕಳೀತಾ, ಎಜಿಒ ಹಾಕಿ ಮತ್ತೆ ಮತ್ತೆ ಮೇಲೆ ಹೋಗುತ್ತೆ. 600ಕ್ಕೆ ಮೂರು ಎಮ್‌ವಿಸಿ: 256, 256, 88. ಈ ಸುತ್ತಾಟವೆಲ್ಲ ಅಸೆಂಬಲ್ ಆಗುವಾಗಲೇ ಮುಗಿಯುತ್ತೆ. ಪ್ರೋಗ್ರಾಮ್ ಒಳಗೆ ಲೂಪ್ ಇರಲ್ಲ, ಮೂರು ಇನ್‌ಸ್ಟ್ರಕ್ಷನ್, ಒಟ್ಟು 18 ಬೈಟ್ ಅಷ್ಟೇ. ಫೀಲ್ಡ್ ಬೆಳೆದಾಗ ನೀವು ಮಾಡಬೇಕಾದ್ದು ಇಪ್ಪತ್ತೂ ಪ್ರೋಗ್ರಾಮ್‌ಗಳನ್ನ ಮತ್ತೆ ಅಸೆಂಬಲ್ ಮಾಡೋದು. ಅದನ್ನಂತೂ ಮರೀಬೇಡಿ, ಮ್ಯಾಕ್ರೋ ಬದಲಾಯಿಸಿದ ಮಾತ್ರಕ್ಕೆ ಹಳೇ ಲೋಡ್ ಮಾಡ್ಯೂಲ್ ಬದಲಾಗಲ್ಲ.

4/6

ಈಗ ಸೀನಿಯರ್‌ಗಳ ಪರವಾಗಿ ಎರಡು ಮಾತು. ಅವರ ಭಯಕ್ಕೆ ಕಾರಣ ಇದೆ.

ಇದೇ ಮ್ಯಾಕ್ರೋನ ಇನ್ನೊಬ್ಬರು ಬೇರೆ ಥರ ಬರೀತಾರೆ: 256 ದಾಟಿದ್ರೆ ಎಮ್‌ವಿಸಿಎಲ್ ಹಾಕೋಣ, ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಮುಗೀತು. ಚೆನ್ನಾಗಿದೆ ಅಲ್ವಾ? ಆದ್ರೆ ಎಮ್‌ವಿಸಿಎಲ್‌ಗೆ ಎರಡು ಜೋಡಿ, ಅಂದ್ರೆ ನಾಲ್ಕು ರಿಜಿಸ್ಟರ್ ಬೇಕು. ಕೆಲಸ ಮುಗಿದಾಗ ಅವುಗಳಲ್ಲಿ ಹಳೇ ಬೆಲೆ ಉಳಿದಿರಲ್ಲ. ಫೀಲ್ಡ್ 200 ಇದ್ದಾಗ ಯಾವ ರಿಜಿಸ್ಟರ್ ಕೂಡ ಅಲುಗಾಡ್ತಿರಲಿಲ್ಲ. 600 ಆದ ದಿನ, ನಿಮ್ಮ ಸೋರ್ಸ್‌ನಲ್ಲಿ ಒಂದು ಅಕ್ಷರವೂ ಬದಲಾಗದೆ, ನಾಲ್ಕು ರಿಜಿಸ್ಟರ್ ಹಾಳು. ಅದರಲ್ಲಿ ಒಂದು ಬೇಸ್ ರಿಜಿಸ್ಟರ್ ಆಗಿದ್ರೆ ಮುಗೀತು ಕಥೆ. ಕಾಲ್ ಮಾಡಿದವರಿಗೆ ಆ ಸಾಲು ನೋಡಿದ್ರೆ ಏನೂ ತಿಳಿಯಲ್ಲ.

ಇಲ್ಲಿ ತಪ್ಪು ಮ್ಯಾಕ್ರೋ ಅನ್ನೋ ಸಾಧನದ್ದಾ? ನನ್ನ ಪ್ರಕಾರ ಅಲ್ಲ. ಬಾಯಿ ಬಿಡದ ಮ್ಯಾಕ್ರೋದ್ದು. "ಮುಟ್ಬೇಡ" ಅಂತ ಹೇಳಿದ್ರೆ ಆ ಮ್ಯಾಕ್ರೋ ಇನ್ನೂ ಇಪ್ಪತ್ತು ವರ್ಷ ಹಾಗೇ ಮೂಗನಾಗಿರುತ್ತೆ. ಹೊಸಬರು ಅದನ್ನ ಬಿಟ್ಟು ಪಕ್ಕದಲ್ಲಿ ಕಾಪಿ-ಪೇಸ್ಟ್ ಮಾಡ್ತಾರೆ, ಅಲ್ಲಿಗೆ ಮತ್ತೆ 3/6ರ ಸಮಸ್ಯೆ.

5/6

ಹಾಗಾಗಿ ನಾನು ಹಿಡಿದಿರೋ ನಾಲ್ಕು ನಿಯಮ. ಸೇವ್ ಮಾಡ್ಕೊಳ್ಳಿ.

ಒಂದು: ಮ್ಯಾಕ್ರೋ ಬಾಯಿ ಬಿಡಬೇಕು. ಆಪರೆಂಡ್ ಕೊಟ್ಟಿಲ್ವಾ, ಉದ್ದ ಹೊಂದ್ತಿಲ್ವಾ? ಎಮ್‌ನೋಟ್ 12 ಹಾಕಿ ಏನು ತಪ್ಪು ಅಂತ ಪೂರ್ತಿ ವಾಕ್ಯದಲ್ಲಿ ಬರೀರಿ. ಅಸೆಂಬ್ಲಿಯ ರಿಟರ್ನ್ ಕೋಡ್ 12ಕ್ಕೆ ಏರುತ್ತೆ, ಜೆಸಿಎಲ್‌ನಲ್ಲಿ ಅದನ್ನ ನೋಡೋ ಹಾಗೆ ಬರೆದಿದ್ರೆ ಲಿಂಕ್ ಸ್ಟೆಪ್ ಓಡೋದೇ ಇಲ್ಲ. ತಪ್ಪು ಪ್ರೊಡಕ್ಷನ್‌ಗೆ ಹೋಗೋ ಬದಲು ನಿಮ್ಮ ಟೇಬಲ್ ಮೇಲೇ ಸಿಕ್ತು.

ಎರಡು: ಯಾವ ರಿಜಿಸ್ಟರ್ ಮುಟ್ತೀನಿ ಅಂತ ಮೇಲಿನ ಕಾಮೆಂಟ್‌ನಲ್ಲಿ ಬರೀರಿ. ಯಾವ ದಾರಿ ಹಿಡಿದ್ರೂ ಅದೇ ರಿಜಿಸ್ಟರ್‌ಗಳು ಬದಲಾಗಲಿ.

ಮೂರು: ಮ್ಯಾಕ್ರೋ ಒಳಗಿನ ಲೇಬಲ್‌ಗೆ &ಸಿಸ್‌ಎನ್‌ಡಿಎಕ್ಸ್ ಸೇರಿಸಿ. ಪ್ರತಿ ಕಾಲ್‌ಗೂ ಅಸೆಂಬ್ಲರ್ ಬೇರೆ ನಂಬರ್ ಕೊಡುತ್ತೆ. ಇಲ್ದಿದ್ರೆ ಎರಡನೇ ಸಲ ಕರೆದಾಗ ಒಂದೇ ಹೆಸರು ಎರಡು ಸಲ ಬಂದು ಎರರ್ ಆಗುತ್ತೆ.

ನಾಲ್ಕು, ಓದೋರಿಗೆ: ಪ್ರಿಂಟ್ ನೋಜೆನ್ ಇದ್ರೆ ಅದನ್ನ ಪ್ರಿಂಟ್ ಜೆನ್ ಮಾಡಿ ಲಿಸ್ಟಿಂಗ್ ತೆಗೀರಿ. ಪ್ಲಸ್ ಗುರುತು ಇರೋ ಸಾಲುಗಳೆಲ್ಲ ಮ್ಯಾಕ್ರೋ ಬರೆದದ್ದು. ಮೊದಲು ಅದನ್ನ ಓದಿ, ಆಮೇಲೆ ಮ್ಯಾಕ್ರೋ ಓಪನ್ ಮಾಡಿ "ಈ ಸಾಲು ಯಾಕೆ ಬಂತು?" ಅಂತ ಹಿಂದಕ್ಕೆ ಹುಡುಕಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ಪಾಠ ಇಲ್ಲ.

6/6

"ಇದೆಲ್ಲ ಅಜ್ಜನ ಕಾಲದ್ದು" ಅಂತ ಕಾಮೆಂಟ್ ಬರೋದು ಗೊತ್ತು. ಹೌದು, ಕಾಲದ್ದೇ. ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕಿಲ್ರಾಯ್ ಮ್ಯಾಕ್ರೋಗಳ ಬಗ್ಗೆ ತಮ್ಮ ಪ್ರಸಿದ್ಧ ಲೇಖನ ಬರೆದದ್ದು 1960ರಲ್ಲಿ. ಯುನಿಕ್ಸ್‌ನ ಪೈಪ್ ಕಲ್ಪನೆ ಕೊಟ್ಟವರೂ ಇವರೇ. ಐಬಿಎಮ್ ಸಿಸ್ಟಮ್/360 ಘೋಷಣೆ ಆದದ್ದು 1964ರಲ್ಲಿ. ಈಗ ನಾವು ಬಳಸೋ ಹೈ ಲೆವೆಲ್ ಅಸೆಂಬ್ಲರ್ ಬಂದದ್ದು 1992ರಲ್ಲಿ. ಸಿ ಭಾಷೆಯ ಇಫ್‌ಡೆಫ್ ಬರೆಯೋರಿಗೆ ಈ ಅಡುಗೆಮನೆ ಹೊಸದೇನಲ್ಲ. ಹಳೇದು ಅನ್ನೋದಕ್ಕಿಂತ, ಇನ್ನೂ ಬೇಕಾಗಿರೋದು ಅನ್ನೋದು ಮುಖ್ಯ.

ಆಫೀಸ್ ಮೇನ್‌ಫ್ರೇಮ್ ಮೇಲೆ ಪ್ರಯೋಗ ಬೇಡ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಹರ್ಕ್ಯುಲಿಸ್ ಎಮ್ಯುಲೇಟರ್ ಹಾಕಿ ಎಮ್‌ವಿಎಸ್ 3.8 ಓಡಿಸಬಹುದು. ಅದರಲ್ಲಿರೋದು ಹಳೇ ಅಸೆಂಬ್ಲರ್, ಆದ್ರೆ ಎಐಎಫ್, ಎಜಿಒ, ಸೆಟ್‌ಎ, ಎಮ್‌ನೋಟ್ ಎಲ್ಲ ಇದೆ. ಅಷ್ಟು ತಾಳ್ಮೆ ಇಲ್ಲ ಅಂದ್ರೆ ಜಾವಾದಲ್ಲಿ ಓಡೋ ಜೆಡ್390 ಇದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಈ ವಾರದ ಹೋಮ್‌ವರ್ಕ್: 3/6ರ ಮ್ಯಾಕ್ರೋ ನೀವೇ ಬರೀರಿ. ಕಳಿಸೋ ಫೀಲ್ಡ್ 600, ತಗೊಳ್ಳೋ ಫೀಲ್ಡ್ 500 ಇದ್ರೆ ಅದು ಏನು ಮಾಡಬೇಕು? ಕತ್ತರಿಸಬೇಕಾ, ಎಮ್‌ನೋಟ್ ಹಾಕಿ ನಿಲ್ಲಬೇಕಾ? ನನ್ನ ಓಟು ನಿಲ್ಲೋದಕ್ಕೆ. ನಿಮ್ಮದು ಯಾವುದಕ್ಕೆ, ಯಾಕೆ ಅಂತ ಕೆಳಗೆ ಬರೀರಿ. "ಮುಟ್ಬೇಡ" ಅಂದವರನ್ನೂ ಟ್ಯಾಗ್ ಮಾಡಿ, ಪ್ರೀತಿಯಿಂದ.

#ಮೇನ್‌ಫ್ರೇಮ್ #ಅಸೆಂಬ್ಲರ್ #ಮ್ಯಾಕ್ರೋ #ಕನ್ನಡದಲ್ಲಿಕೋಡಿಂಗ್