ಮನೆಯ ಮೂಲೆಯ ಅಂಗಡಿಗೆ ಯಾವ ಸರಕು?

ಅಂಗಡಿಯಿಲ್ಲದೆ, ಮನೆಯಲ್ಲಿಯೇ ಕುಳಿತು ಅಂತರಜಾಲದ ಮೂಲಕ ವ್ಯಾಪಾರ ಮಾಡಬಹುದೆಂಬ ಮಾತು ಇತ್ತೀಚೆಗೆ ಹೋಟೆಲಿನ ಅಡಿಗೆಮನೆಯಿಂದ ಕಛೇರಿಯ ಮೇಜಿನವರೆಗೆ ಎಲ್ಲೆಡೆಯೂ ಕೇಳಿಬರುತ್ತಿದೆ. ಮುಂಬಯಿ, ಪುಣೆಗಳಂಥ ನಗರಗಳಲ್ಲಿ ಬಾಡಿಗೆ ತೆತ್ತು, ಉಳಿದುದರಲ್ಲಿ ಊರಿಗೂ ಹಣ ಕಳುಹಿಸಬೇಕಾದ ನಮ್ಮವರಿಗೆ ಈ ಮಾತು ಆಕರ್ಷಕವಾಗಿ ತೋರುವುದು ಸಹಜವೇ. ಪಗಡಿ ಕೊಡಬೇಕಾಗಿಲ್ಲ, ಆಳು ಇಡಬೇಕಾಗಿಲ್ಲವೆಂಬುದು ನಿಜ. ಆದರೆ ಅಂಗಡಿಯ ಖರ್ಚು ಉಳಿಯಿತೆಂದ ಮಾತ್ರಕ್ಕೆ ಲಾಭ ಬಂದಂತಾಗಲಿಲ್ಲ. ಏನನ್ನು ಮಾರಬೇಕೆಂಬ ಮೊದಲ ಆಯ್ಕೆಯಲ್ಲಿಯೇ ಈ ಉದ್ಯಮದ ಅಳಿವು ಉಳಿವು ಅಡಗಿದೆ.

ಈ ವ್ಯಾಪಾರದಲ್ಲಿ ಇಂದು ದೈತ್ಯರೆನಿಸಿದವರು ಮೊದಲು ಏನನ್ನು ಮಾರಿದರೆಂಬುದು ಗಮನಿಸತಕ್ಕ ಸಂಗತಿ. ಅಮೇರಿಕದಲ್ಲಿ ಅಮೆಜಾನ್ 1995ರಲ್ಲಿ ಬಾಗಿಲು ತೆರೆದದ್ದು ಪುಸ್ತಕಗಳಿಂದ. ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ 2007ರಲ್ಲಿ ಆರಂಭವಾದದ್ದೂ ಪುಸ್ತಕಗಳಿಂದಲೇ. ಪುಸ್ತಕ ಒಡೆಯುವುದಿಲ್ಲ, ಹಳಸುವುದಿಲ್ಲ, ತೊಟ್ಟು ನೋಡಬೇಕಾಗಿಲ್ಲ. ಒಂದು ಪ್ರತಿಗೂ ಮತ್ತೊಂದಕ್ಕೂ ಭೇದವಿಲ್ಲ. ನಾವೂ ಪುಸ್ತಕವನ್ನೇ ಮಾರಬೇಕೆಂಬುದು ಇದರ ತಾತ್ಪರ್ಯವಲ್ಲ. ಸರಕಿನ ಅಂದಚೆಂದಕ್ಕಿಂತ ಅದರ ಸ್ವಭಾವವನ್ನು ಮೊದಲು ಪರೀಕ್ಷಿಸಬೇಕೆಂಬುದೇ ಇಲ್ಲಿಯ ಪಾಠ.

ಸಿದ್ಧ ಉಡುಪು, ಚಪ್ಪಲಿಗಳಲ್ಲಿ ಅಳತೆಯ ತಕರಾರು ತಪ್ಪಿದ್ದಲ್ಲ. ಹಿಂದಿರುಗಿದ ಪ್ರತಿಯೊಂದು ಕಟ್ಟಿಗೂ ಹೋದ ದಾರಿಯ ಬಾಡಿಗೆ, ಬಂದ ದಾರಿಯ ಬಾಡಿಗೆ ಎರಡೂ ಮಾರಿದವನ ತಲೆಗೆ ಬೀಳುವ ಸಂಭವವಿದೆ. ಸೀರೆಗೆ ಅಳತೆಯ ಗೋಜಿಲ್ಲ; ಆದರೆ ಚಿತ್ರದಲ್ಲಿ ಕಂಡ ಬಣ್ಣವೇ ಕೈಗೆ ಬರಬೇಕು. ದೋಷವುಳ್ಳ ಅಥವಾ ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲವೆಂದು 2020ರ ಇ-ವಾಣಿಜ್ಯ ನಿಯಮಗಳು ವಿಧಿಸಿವೆ.

ತೂಕದ ಲೆಕ್ಕವೂ ಮೋಸಗೊಳಿಸುವಂಥದು. ಸಾಗಣೆಯ ಸಂಸ್ಥೆಗಳು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದ ತೂಕವನ್ನು ನಿಜವಾದ ತೂಕದೊಡನೆ ಹೋಲಿಸಿ, ಹೆಚ್ಚಿನದಕ್ಕೆ ಬಾಡಿಗೆ ಹಾಕುತ್ತವೆ. ಒಂದು ಕಿಲೋ ಸಂಡಿಗೆ ಪುಡಿಯಾಗದಿರಲೆಂದು 30, 25, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಬಾಡಿಗೆ ಮೂರು ಕಿಲೋಗೆ! ಅದೇ ಒಂದು ಕಿಲೋ ಚಟ್ನಿಪುಡಿ ಅಂಗೈಯಗಲದ ಪೊಟ್ಟಣದಲ್ಲಿ ಅಡಗುತ್ತದೆ.

ಆದರೆ ಚಟ್ನಿಪುಡಿಯ ಲೆಕ್ಕವನ್ನೂ ಕಾಗದದ ಮೇಲೆ ಬರೆದು ನೋಡುವುದು ಯುಕ್ತ. ಪೊಟ್ಟಣದ ಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಮಗ್ರಿಗೆ 80, ಪೊಟ್ಟಣ ಕಟ್ಟಲು 15, ಸಾಗಣೆಗೆ 60, ಮಾರಾಟದ ತಾಣದ ಶುಲ್ಕಕ್ಕೆ 20 ಹೋದರೆ ಉಳಿಯುವುದು 25 ರೂಪಾಯಿ. ಹತ್ತರಲ್ಲಿ ಒಂದು ಪೊಟ್ಟಣ ಹಿಂದಿರುಗಿತೆನ್ನೋಣ. ತಿನ್ನುವ ಪದಾರ್ಥವನ್ನು ಮತ್ತೆ ಮಾರುವಂತಿಲ್ಲ. ಸಾಮಗ್ರಿ, ಪೊಟ್ಟಣ, ಎರಡು ದಾರಿಯ ಸಾಗಣೆ ಸೇರಿ 215 ರೂಪಾಯಿ ನಷ್ಟ. ಒಂಬತ್ತರ ಲಾಭ 225. ಹತ್ತು ಪೊಟ್ಟಣಗಳಿಗಾಗಿ ಹುರಿದು, ಕುಟ್ಟಿ, ಕಟ್ಟಿದ ಗೃಹಿಣಿಯ ಶ್ರಮಕ್ಕೆ ದಕ್ಕಿದ್ದು ಹತ್ತು ರೂಪಾಯಿ ಮಾತ್ರ. ಒಂದೇ ಕಟ್ಟಿನಲ್ಲಿ ನಾಲ್ಕು ಬಗೆಯ ಪುಡಿಗಳನ್ನು ಕಳುಹಿಸಿದರೆ, ಇಲ್ಲವೆ ಮುಂಗಡ ಹಣ ಕೊಡುವ ಪರಿಚಿತರಿಗೆ ಮಾರಿದರೆ, ಇದೇ ಲೆಕ್ಕ ಬೇರೆ ರೂಪ ತಾಳುತ್ತದೆ.

ಕಾನೂನಿನ ಕಟ್ಟಳೆಯೂ ಸರಕಿನಿಂದ ಸರಕಿಗೆ ಬೇರೆ. ಆಹಾರ ಪದಾರ್ಥಕ್ಕೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ, ಮನೆಯಲ್ಲಿ ತಯಾರಿಸಿ ಮಾರುವವರಿಗೂ ನೋಂದಣಿ ಬೇಕು. ಪೊಟ್ಟಣದ ಮೇಲೆ 14 ಅಂಕಿಗಳ ಸಂಖ್ಯೆ, ಸಾಮಗ್ರಿಗಳ ಪಟ್ಟಿ, ತೂಕ, ಬೆಲೆ, ದಿನಾಂಕಗಳು ಇರಬೇಕು. ಮನೆಯಲ್ಲಿ ಕಾಸಿದ ಕೇಶತೈಲವನ್ನೋ ಸಾಬೂನನ್ನೋ ಮಾರಲು ಪ್ರತ್ಯೇಕ ಪರವಾನಗಿ ಅವಶ್ಯ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿಯುಂಟು. ಇನ್ನು ಜಿಎಸ್‌ಟಿ. 2023ರ ಅಕ್ಟೋಬರ್ 1ರಿಂದ, ವಹಿವಾಟು ನೋಂದಣಿಯ ಮಿತಿಯೊಳಗಿರುವ ಸಣ್ಣ ವ್ಯಾಪಾರಿಗಳು ಕೇವಲ ದಾಖಲಾತಿ ಸಂಖ್ಯೆ ಪಡೆದು ಇಂಥ ತಾಣಗಳಲ್ಲಿ ಸರಕು ಮಾರಬಹುದು. ಆದರೆ ಈ ರಿಯಾಯಿತಿ ತಮ್ಮ ರಾಜ್ಯದೊಳಗಣ ಮಾರಾಟಕ್ಕೆ ಮಾತ್ರ. ಡೊಂಬಿವಲಿಯಿಂದ ಪುಣೆಗೆ ಕಳುಹಿಸಬಹುದು. ಹುಬ್ಬಳ್ಳಿಗೆ ಕಳುಹಿಸಬೇಕಾದರೆ ನೋಂದಣಿ ಬೇಕು. ನಮ್ಮಂಥ ಹೊರನಾಡಿಗರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು.

ಗುಮಾಸ್ತರಿಗೆ ಇನ್ನೊಂದು ಎಚ್ಚರಿಕೆ. ಕೇಂದ್ರ ಸರಕಾರದ ನೌಕರನು ಪೂರ್ವಾನುಮತಿಯಿಲ್ಲದೆ ವ್ಯಾಪಾರದಲ್ಲಿ ತೊಡಗುವಂತಿಲ್ಲವೆಂದೂ, ಕುಟುಂಬದವರು ತೊಡಗಿದ್ದರೆ ಅದನ್ನು ಸರಕಾರಕ್ಕೆ ತಿಳಿಸಬೇಕೆಂದೂ 1964ರ ನಡತೆಯ ನಿಯಮಗಳು ಹೇಳುತ್ತವೆ. ಖಾಸಗಿ ಕಛೇರಿಯವರೂ ತಮ್ಮ ನೇಮಕಾತಿಯ ಕರಾರನ್ನು ಒಮ್ಮೆ ಓದಿನೋಡುವುದು ಒಳಿತು. ಪುಡಿಕಾಸಿನ ಆಸೆಗೆ ಕೈಯಲ್ಲಿರುವ ಕೆಲಸಕ್ಕೆ ಕುತ್ತು ತಂದುಕೊಳ್ಳುವುದು ಜಾಣತನವಲ್ಲ.

ಹಾಗಾದರೆ ಆರಿಸಬೇಕಾದದ್ದು ಯಾವುದು? ತೂಕ ಕಡಿಮೆಯಿರಬೇಕು, ತಿಂಗಳುಗಟ್ಟಲೆ ಕೆಡದಿರಬೇಕು, ಒಂದೇ ಖೋಲಿಯ ಸಂಸಾರದಲ್ಲಿಯೂ ಮಂಚದ ಕೆಳಗೆ ಹಿಡಿಸಬೇಕು. ಒಮ್ಮೆ ಕೊಂಡವರು ಮರಳಿ ಕೊಳ್ಳುವಂತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದರ ಗುಣಾವಗುಣ ಮಾರುವವನಿಗೆ ಸ್ವತಃ ಗೊತ್ತಿರಬೇಕು. ಈ ಕೊನೆಯ ಮಾತಿನಲ್ಲಿ ನಮ್ಮವರು ಬಡವರಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನೂ ಖಾರವನ್ನೂ ಹೋಟೆಲಿನ ಅಡಿಗೆಯವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಇಳಕಲ್ಲಿನ ಸೆರಗನ್ನು ಕಣ್ಣಳತೆಯಿಂದಲೇ ಗುರುತಿಸುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಯಾರೋ ಹಂಚುವ ‘ಹೆಚ್ಚು ಮಾರಾಟವಾಗುವ ಸರಕುಗಳ ಪಟ್ಟಿ’ಯಾಗಲಿ, ಸಾವಿರಾರು ರೂಪಾಯಿ ಶುಲ್ಕ ತೆಗೆದುಕೊಂಡು ಕಲಿಸುವ ‘ಯಶಸ್ಸಿನ ಗುಟ್ಟ’ಾಗಲಿ ಈ ಅರಿವಿಗೆ ಸಾಟಿಯಲ್ಲ. ಅಂಥ ಪಟ್ಟಿಯನ್ನು ಸಾವಿರಾರು ಜನ ಕೊಂಡ ಮೇಲೆ ಅದರಲ್ಲಿ ಗುಟ್ಟಾದರೂ ಏನು ಉಳಿದೀತು?

ಆದುದರಿಂದ, ಮೊದಲು ಇಪ್ಪತ್ತು ಪೊಟ್ಟಣಗಳಿಗೆ ಸಾಲುವಷ್ಟು ಬಂಡವಾಳ ಹಾಕಿ, ಮೂರು ತಿಂಗಳು ಪೈಸೆ ಪೈಸೆಯ ಲೆಕ್ಕವಿಟ್ಟು, ಮನೆಯವರ ದುಡಿಮೆಗೂ ಕೂಲಿ ಕಟ್ಟಿ ನೋಡಬೇಕು. ಆಗಲೂ ಲಾಭ ಕಂಡರೆ ಮುಂದುವರಿಯಬಹುದು. ಕಾಣದಿದ್ದರೆ ಸರಕನ್ನು ಬದಲಿಸಬೇಕು. ಭವಿಷ್ಯನಿಧಿಯನ್ನು ಮುರಿದು, ಒಡವೆಯನ್ನು ಒತ್ತೆಯಿಟ್ಟು ಒಮ್ಮೆಗೇ ನೂರಾರು ಪೊಟ್ಟಣಗಳನ್ನು ತುಂಬಿಸಿಟ್ಟವರಿಗೆ ಬದಲಿಸುವ ಸ್ವಾತಂತ್ರ್ಯವೇ ಉಳಿಯುವುದಿಲ್ಲ.