ಕಸವೆಂದು ಗುಡಿಸುವ ಮುನ್ನ

ನಮ್ಮ ಸಂಘದ ಮಾಸಿಕದ ಹಳೆಯ ಸಂಚಿಕೆಗಳನ್ನು ಇಪ್ಪತ್ತು ವರ್ಷಗಳ ಹಿಂದೆ ಜಾಲತಾಣಕ್ಕೆ ಏರಿಸಿದವರು ನಾವೇ; ಕಚೇರಿ ಮುಗಿಸಿ ಬಂದು ಸಂಜೆ ಹೊತ್ತು ಕೀಲಿಮಣೆ ಕುಟ್ಟುತ್ತಿದ್ದ ಹವ್ಯಾಸಿಗಳು. ಆ ಕಡತಗಳು ಅಂದವಾಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ತೆರೆದ ಟ್ಯಾಗ್ ಮುಚ್ಚಿಲ್ಲ, ಒಂದರ ಕಾಲಲ್ಲಿ ಇನ್ನೊಂದು ಸಿಕ್ಕಿಕೊಂಡಿದೆ, ಒಂದೇ ವಾಕ್ಯಕ್ಕೆ ಮೂರು ಸಲ ಫಾಂಟಿನ ಹೆಸರು. ಈಗ ಸಮಿತಿಯ ಕೆಲವು ತರುಣರು, "ಒಂದು ಪುಟ್ಟ ಪ್ರೋಗ್ರಾಂ ಸಾಕು, ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಶುದ್ಧಮಾಡಿ ಹಳೆಯದನ್ನು ಅಳಿಸಿಬಿಡೋಣ" ಎನ್ನುತ್ತಿದ್ದಾರೆ. ಶುದ್ಧಿಗೆ ನಮ್ಮ ವಿರೋಧವಿಲ್ಲ. ಅಳಿಸುವುದಕ್ಕೆ ಇದೆ.

ಯಂತ್ರದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಡೇವ್ ರ್ಯಾಗೆಟ್ ಅವರು ಬರೆದ 'ಎಚ್‌ಟಿಎಂಎಲ್ ಟೈಡಿ'ಯಂಥ ತಂತ್ರಾಂಶ ಮುಚ್ಚದ ಟ್ಯಾಗನ್ನು ಮುಚ್ಚುತ್ತದೆ, ತೊಡಕು ಬಿಡಿಸುತ್ತದೆ, ಸಾಲುಗಳನ್ನು ಒಪ್ಪವಾಗಿ ಜೋಡಿಸುತ್ತದೆ. ಕೈಯಿಂದ ಮಾಡಹೊರಟರೆ ನಮ್ಮ ಆಯುಷ್ಯ ಸಾಲದು. ಆದರೆ ಅದಕ್ಕೆ ಟ್ಯಾಗಿನ ವ್ಯಾಕರಣ ಗೊತ್ತು, ಕನ್ನಡ ಗೊತ್ತಿಲ್ಲ.

ಶುದ್ಧಿಗೆ ಹೊರಟವರು ಮೊದಲು ಕಿತ್ತೊಗೆಯುವುದು ಫಾಂಟ್ ಟ್ಯಾಗನ್ನು. ಅದನ್ನು ಕೈಬಿಡುವುದು ಲೇಸೆಂದು 1997ರ ಎಚ್‌ಟಿಎಂಎಲ್ 4.0 ಹೇಳಿದ್ದೂ ನಿಜ. ಆದರೆ ನಮ್ಮ ಹಳೆಯ ಪುಟಗಳು ಯೂನಿಕೋಡಿನವಲ್ಲ, ನುಡಿ ಫಾಂಟಿನವು. 'ಕನ್ನಡ' ಎಂಬ ಪದ ಅಲ್ಲಿ ರೋಮನ್ ಅಕ್ಷರಗಳ ವೇಷದಲ್ಲಿ ಕುಳಿತಿದೆ. ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆಯೂ ಉಂಟು. ಅದು ಕನ್ನಡವೆಂದು ಸಾಕ್ಷಿ ಹೇಳುವುದು ಆ ಫಾಂಟ್ ಟ್ಯಾಗ್ ಒಂದೇ. ಅದನ್ನು ಕಿತ್ತರೆ ಇಂಗ್ಲಿಷ್ ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಎಂದು ಪರಿವರ್ತಕ ತಂತ್ರಾಂಶಕ್ಕೆ ತಿಳಿಯುವ ಬಗೆ ಹೇಗೆ? ಮೊದಲು ಯೂನಿಕೋಡಿಗೆ ತಂದು, ಆಮೇಲೆ ಟ್ಯಾಗ್ ತೆಗೆಯಬೇಕು. ಕ್ರಮ ತಪ್ಪಿದರೆ ಅದು ನೆಗಡಿಗೆ ಮೂಗು ಕೊಯ್ದ ಚಿಕಿತ್ಸೆ.

ಯೂನಿಕೋಡಿಗೆ ಬಂದ ಮೇಲೂ ಅಪಾಯ ತಪ್ಪಿದ್ದಲ್ಲ. "ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ತೆಗೆ" ಎಂಬ ನಿಯಮವೊಂದನ್ನು ಪ್ರೋಗ್ರಾಮಿನಲ್ಲಿ ಸೇರಿಸುವುದು ವಾಡಿಕೆ. ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಅಂಟದಂತೆ ತಡೆಯುವ ಚಿಹ್ನೆಯೂ ಕಾಣದ್ದೇ. ಅದು ಹೋದರೆ 'ರಾಜ್‌ಕುಮಾರ್' ಎಂಬುದು 'ರಾಜ್ಕುಮಾರ್' ಆಗುತ್ತದೆ. ಯಂತ್ರ ಮಾತ್ರ 'ದೋಷ ಸೊನ್ನೆ' ಎಂದು ವರದಿ ಒಪ್ಪಿಸುತ್ತದೆ!

ಈ ತಪ್ಪನ್ನು ಹಿಡಿಯುವವರು ಯಾರು? ಪ್ರೋಗ್ರಾಂ ಬರೆಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಅದು ಅವರ ತಪ್ಪಲ್ಲ, ಕಲಿಸದ ನಮ್ಮದು. ಓದಬಲ್ಲ ಹಿರಿಯರೋ ಕಂಪ್ಯೂಟರಿನ ಹತ್ತಿರ ಸುಳಿಯರು.

ಸರ್ಕಾರಿ ಗುಮಾಸ್ತರಾದ ನಮಗೆ ಕಡತವೇ ಅನ್ನ. ಅಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಚಿಕ್ಕ ರುಜು ಹಾಕಬೇಕು. ಜನ ಇದನ್ನು ಕೆಂಪುಪಟ್ಟಿ ಎಂದು ನಗುತ್ತಾರೆ. ನಗಲಿ. ನಾಳೆ ಯಾರಾದರೂ ಬಂದು ಮೊದಲು ಏನಿತ್ತೆಂದು ಕೇಳಿದರೆ ಉತ್ತರ ಕೊಡುವುದು ಆ ಗೆರೆಯೇ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೆ: ಮೂಲ ಕಡತಗಳನ್ನು ಮುಟ್ಟದೆ ಎರಡು ಕಡೆ ಕಾಪಿಡಬೇಕು, ಶುದ್ಧಿಯೆಲ್ಲ ಪ್ರತಿಗಳ ಮೇಲೆ ನಡೆಯಬೇಕು, ಒಬ್ಬ ತರುಣನ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಹಿರಿಯರು ಕುಳಿತು ಹಳತು ಹೊಸತನ್ನು ತಾಳೆ ನೋಡಬೇಕು. ಕೆಲಸ ಒಂದು ರಾತ್ರಿಯ ಬದಲು ಒಂದು ವರ್ಷ ಹಿಡಿದೀತು. ಹಿಡಿಯಲಿ. ಅಷ್ಟರೊಳಗೆ ಆ ತರುಣ ಅಕ್ಷರವನ್ನಾದರೂ ಕಲಿತಾನು.